ಒಂಬತ್ತು ಚರ್ಚುಗಳ ಸೋಮವಾರದ ಹಾಳೆ

ವಾಷಿಂಗ್ಟನ್ನಿನ ಪಕ್ಕದ ರಾಕ್‌ವಿಲ್‌ನಲ್ಲಿ ನಡೆಯುವ ನಮ್ಮ ಕನ್ನಡ ಕೂಟಗಳಲ್ಲಿ, ಪತ್ರಿಕೆಯ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಂಕಲ್, ಎಷ್ಟು ಜನ ಪ್ರೆಸಿಡೆಂಟ್‌ಗಳನ್ನ ಮೀಟ್ ಮಾಡಿದೀರಾ?"

ಒಬ್ಬರನ್ನೂ ಇಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ವಾಷಿಂಗ್ಟನ್ನಿನಲ್ಲಿ ವರದಿಗಾರನಾಗಿದ್ದೆ. ನನ್ನ ಮುಖ್ಯ ಕೆಲಸ ಎಣಿಸುವುದಾಗಿತ್ತು. ಅಮೆರಿಕದ ಮೇಲ್ಮನೆಯಾದ ಸೆನೆಟ್ಟಿನ ಮುಂದೆ ಒಂದು ವಿಷಯ ಮತಕ್ಕೆ ಬರುವ ಮೊದಲೇ, ಅದರ ನೂರು ಮಂದಿ ಸದಸ್ಯರಲ್ಲಿ ಯಾರು ಯಾವ ಕಡೆ ಇದ್ದಾರೆ ಎಂದು ಪತ್ತೆ ಮಾಡಿ ಬರೆಯುವುದು. ಆ ಎಣಿಕೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪೊಂದನ್ನೂ ಅದರ ಬೆನ್ನಿಗೇ ಬಂದ ಜಗಳವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕ್ಷಮೆ ಕೇಳಲಿಕ್ಕಲ್ಲ. ತಪ್ಪಿಗೆ ಆಗಲೇ ತಿದ್ದುಪಡಿ ಹಾಕಿದ್ದಾಯಿತು. ಜಗಳವನ್ನಂತೂ ಇವತ್ತು ಬಂದರೂ ಹಾಗೆಯೇ ಆಡುತ್ತೇನೆ.

ಮೈಸೂರಿನ ಒಂದು ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಆರು ವರ್ಷ ಕುಳಿತು ಬಂದವನು ನಾನು. ಇಲ್ಲಿ ನನಗೆ ಕೆಲಸ ಕೊಟ್ಟದ್ದು ಒಂದು ಸಣ್ಣ ಸುದ್ದಿ ಕಚೇರಿ. ಜಾರ್ಜಿಯಾ ಮತ್ತು ಎರಡು ಕೆರೊಲಿನಾಗಳ ಸಣ್ಣ ಊರಿನ ಪತ್ರಿಕೆಗಳು ಸೇರಿ ನಡೆಸುತ್ತಿದ್ದದ್ದು. ಒಂದೊಂದಕ್ಕೂ ವಾಷಿಂಗ್ಟನ್ನಿನಲ್ಲಿ ಪ್ರತ್ಯೇಕ ವರದಿಗಾರನನ್ನು ಇಡುವ ಶಕ್ತಿ ಇರಲಿಲ್ಲ. ನಾವು ಐದು ಜನ ಎಲ್ಲರಿಗೂ ಬರೆದು ಕಳಿಸುತ್ತಿದ್ದೆವು. ಮುಖ್ಯಸ್ಥ ಡೆನ್ನಿ, ಅಟ್ಲಾಂಟಾದವನು, ಮೂವತ್ತು ವರ್ಷ ಸುದ್ದಿಯಲ್ಲೇ ಬೆಂದವನು. ಶ್ರೀಕಂಠ ಎಂಬ ಹೆಸರನ್ನು ಮೊದಲ ದಿನವೇ ಶ್ರೀ ಎಂದು ಮೊಟಕು ಮಾಡಿದ. "ಉಳಿದದ್ದನ್ನು ಹೇಳುವಷ್ಟರಲ್ಲಿ ಪತ್ರಿಕೆ ಅಚ್ಚಿಗೆ ಹೋಗಿರುತ್ತದೆ" ಎಂದ.

ಎಣಿಕೆಗೆ ಒಂದು ಉದ್ದನೆಯ ಹಾಳೆ. ಎಡಗಡೆ ಸೆನೆಟರುಗಳ ಹೆಸರು. ಎದುರಿಗೆ ನಾಲ್ಕು ಕಾಲಂ: ಹೌದು, ಇಲ್ಲ, ವಾಲಿದ್ದಾರೆ, ಬಾಯಿ ಬಿಟ್ಟಿಲ್ಲ. ಒಬ್ಬೊಬ್ಬರ ಬಗ್ಗೆಯೂ ಇಬ್ಬರಿಂದ ಕೇಳದೆ ಗೆರೆ ಎಳೆಯಬಾರದು, ಪೆನ್ಸಿಲ್ಲಿನಲ್ಲೇ ಬರೆಯಬೇಕು. ಇದು ಡೆನ್ನಿಯ ಕಾನೂನು. ಮೊದಲ ವರ್ಷ ಒಂದು ಹೆದ್ದಾರಿ ಮಸೂದೆಗೆ ನಾನು ಪೆನ್ನಿನಲ್ಲಿ ತುಂಬಿದ್ದೆ. ಸಂಜೆಯೊಳಗೆ ಏಳು ಜನ ಮನಸ್ಸು ಬದಲಿಸಿದರು. ಗೀಚಿ ಗೀಚಿ ಕಪ್ಪಾದ ಹಾಳೆ ನೋಡಿ ಡೆನ್ನಿ, "ಇದೇನು, ನೀನೂ ರಸ್ತೆ ಹಾಕಿದ್ದೀಯಾ?" ಎಂದ.

ಬೆಳಿಗ್ಗೆ ಫೇರ್‌ಫ್ಯಾಕ್ಸ್‌ನಿಂದ ಆರೆಂಜ್ ಲೈನ್ ಮೆಟ್ರೋ ಹಿಡಿದು ಬಂದರೆ ನಾನು ಮೊದಲು ನಿಲ್ಲುತ್ತಿದ್ದದ್ದು ಸೆನೆಟರುಗಳ ಲಿಫ್ಟಿನ ಬಾಗಿಲಲ್ಲಿ. ಬಾಗಿಲು ಮುಚ್ಚುವಷ್ಟರಲ್ಲಿ ಒಂದು ಪ್ರಶ್ನೆ ಕೇಳಬಹುದು, ಅದೃಷ್ಟವಿದ್ದರೆ ಅರ್ಧ ಉತ್ತರ ಸಿಗುತ್ತದೆ. ಒಮ್ಮೆ, ಸುಪ್ರೀಂ ಕೋರ್ಟಿಗೆ ಹೊಸ ನ್ಯಾಯಾಧೀಶರ ಹೆಸರು ಸೆನೆಟ್ಟಿಗೆ ಬಂದಿದ್ದಾಗ, ಬಿಳಿಗೂದಲ ಸೆನೆಟರ್ ಒಬ್ಬರು ನನ್ನ ಪ್ರಶ್ನೆಗೆ ಉತ್ತರ ಕೊಡದೆ, ನನ್ನ ಮೈಬಣ್ಣ ನೋಡಿ ತಿರುಗಿ ನನ್ನನ್ನೇ ಕೇಳಿದರು: "ಈ ಜಡ್ಜ್ ಬಗ್ಗೆ ನಿಮ್ಮ ಜನ ಏನಂತಾರೆ?"

"ನಮ್ಮ ಜನ ಮೈಸೂರಿನಲ್ಲಿದ್ದಾರೆ ಸರ್. ಕೇಳಿ ಹೇಳುತ್ತೇನೆ" ಎಂದೆ. ಬಾಗಿಲು ಮುಚ್ಚಿತು.

ಆಗ ನಗು ಬಂದಿತ್ತು. ಅವರ ಪ್ರಶ್ನೆಯಲ್ಲಿದ್ದ ತಪ್ಪು ನನ್ನ ಎಣಿಕೆಯಲ್ಲೂ ಇದೆ ಎಂದು ಗೊತ್ತಾಗಲು ಇನ್ನೂ ಮೂರು ವಾರ ಬೇಕಾಯಿತು.

ಅದು ತೊಂಬತ್ತರ ದಶಕದ ಆರಂಭದ ಮಾತು. ಸುಪ್ರೀಂ ಕೋರ್ಟಿನಲ್ಲಿ ಒಂದು ಸ್ಥಾನ ತೆರವಾಗಿತ್ತು. ಅಧ್ಯಕ್ಷರು ಒಬ್ಬ ಕಪ್ಪು ನ್ಯಾಯಾಧೀಶರ ಹೆಸರನ್ನು ಸೆನೆಟ್ಟಿನ ಒಪ್ಪಿಗೆಗೆ ಕಳಿಸಿದರು. ಮನುಷ್ಯ ಬಡತನದಿಂದ ಬಂದವರು, ಆದರೆ ಅವರ ವಿಚಾರಗಳು ಬಲಪಂಥದವು. ಕಪ್ಪು ಜನರ ಹೆಸರಿನಲ್ಲಿ ವಾಷಿಂಗ್ಟನ್ನಿನಲ್ಲಿ ಮಾತಾಡುವ ದೊಡ್ಡ ಸಂಘಟನೆಗಳೇ ಅವರನ್ನು ವಿರೋಧಿಸಿದವು. ನಮ್ಮ ಪತ್ರಿಕೆಗಳಿಗೆ ಮುಖ್ಯವಾಗಿದ್ದವರು ಕೆರೊಲಿನಾದ ಒಬ್ಬ ಸೆನೆಟರ್. ಉತ್ತರವೋ ದಕ್ಷಿಣವೋ ಹೇಳುವುದಿಲ್ಲ, ಈ ಕಥೆಯಲ್ಲಿ ಬರುವ ಹೆಂಗಸಿನ ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಅವರ ಹೆಸರನ್ನೂ ಬದಲಿಸಿದ್ದೇನೆ. ಸೆನೆಟರ್ ಬಿಳಿಯರು, ಡೆಮೊಕ್ರಾಟ್ ಪಕ್ಷದವರು. ತಮ್ಮ ರಾಜ್ಯದ ಬಿಳಿಯರಲ್ಲಿ ಅರ್ಧದಷ್ಟು ಜನ ಕೂಡ ಅವರಿಗೆ ವೋಟು ಹಾಕಿರಲಿಲ್ಲ. ಕಪ್ಪು ಮತದಾರರು ಒಟ್ಟಾಗಿ ಹಾಕಿದ್ದರಿಂದ ಗೆದ್ದಿದ್ದರು, ಮತ್ತೆ ಚುನಾವಣೆ ಹತ್ತಿರದಲ್ಲಿತ್ತು.

ಅವರು ಬಾಯಿ ಬಿಟ್ಟಿರಲಿಲ್ಲ. ನಾನು ಲೆಕ್ಕ ಹಾಕಿದೆ. ಇವರನ್ನು ಗೆಲ್ಲಿಸಿದ್ದು ಕಪ್ಪು ಮತದಾರರು, ಕಪ್ಪು ಜನರ ಸಂಘಟನೆಗಳು ವಿರೋಧಿಸಿವೆ, ಆದ್ದರಿಂದ ಇವರು 'ಇಲ್ಲ' ಎನ್ನಲೇಬೇಕು. ಒಂದು ಸಂಘಟನೆಯ ವಕ್ತಾರರು ಹೌದೆಂದರು. ಇನ್ನೊಂದರವರೂ ಹೌದೆಂದರು. ಇಬ್ಬರಿಂದ ಕೇಳಿದಂತಾಯಿತು. ಆ ಇಬ್ಬರೂ ಒಂದೇ ರಸ್ತೆಯ ಎದುರು ಬದುರು ಕಟ್ಟಡಗಳಲ್ಲಿ ಕೂರುತ್ತಾರೆ, ಇಬ್ಬರೂ ಕೆರೊಲಿನಾದವರಲ್ಲ ಎಂಬುದು ನನ್ನ ತಲೆಗೆ ಬರಲಿಲ್ಲ. 'ಇಲ್ಲ' ಕಾಲಮ್ಮಿನಲ್ಲಿ ಗೆರೆ ಎಳೆದೆ. ಹನ್ನೊಂದು ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು: ಕಪ್ಪು ಮತದಾರರ ವಿರೋಧ, ಸೆನೆಟರ್ 'ಇಲ್ಲ' ಎನ್ನುವ ಸಾಧ್ಯತೆ.

ಮಾರನೆಯ ದಿನ ಮಧ್ಯಾಹ್ನ ಪಾಟೀಲ ಡಾಕ್ಟರ ಫೋನು ಬಂತು. ಗದಗಿನವರು. ಕೆರೊಲಿನಾದ ಒಂದು ತಂಬಾಕಿನ ಊರಿನಲ್ಲಿ ಹದಿನೈದು ವರ್ಷದಿಂದ ದವಾಖಾನೆ ಇಟ್ಟಿದ್ದರು. ಬೇರೆ ಡಾಕ್ಟರು ಬರಲೊಲ್ಲದ ಊರು ಅದು.

"ಏನ್ರೀ ಶ್ರೀಕಂಠ ಅವರ, ಏನ್ ಬರದೀರಿ ಇದು? ಯಾರನ್ನ ಕೇಳಿ ಬರದೀರಿ?"

ಯಾರನ್ನು ಕೇಳಿದೆನೆಂದು ಹೇಳಿದೆ.

"ಅವ್ರು ನನ್ನ ಪೇಶಂಟ್ ಅಲ್ಲ. ನನ್ನ ಪೇಶಂಟ್ ಎಲ್ಲಾ ಇಲ್ಲಿ ಬ್ಲ್ಯಾಕ್ ಮಂದಿ. ಬಿ.ಪಿ. ನೋಡಾಕ ತೋಳಿಗೆ ಪಟ್ಟಿ ಸುತ್ತಿದ ಕೂಡ್ಲೇ ಆ ಜಡ್ಜ್‌ನ ಮಾತು ತಗೀತಾರ. ನೀವು ಬರದಿದ್ದು ಒಂದೂ ಕೂಡಂಗಿಲ್ಲ ನೋಡ್ರಿ."

"ಮತ್ತೆ ಏನಂತಾರೆ?"

"ಅದನ್ನ ನಾ ಯಾಕ ಹೇಳ್ಲಿ? ಪೇಪರ್ ನಿಮ್ದೋ ನನ್ದೋ? ಕಾರ್ ಐತಿ, ರೋಡ್ ಐತಿ, ಬರ್ರಿ. ನಮ್ಮನಿಯಾಗ ರೊಟ್ಟಿ ಐತಿ."

ಡೆನ್ನಿಗೆ ಹೇಳಿದೆ. "ನಿನ್ನ ಡಾಕ್ಟರ್ ಸ್ನೇಹಿತನಿಗಾಗಿ ಎರಡು ದಿನ ರಜೆಯೇ? ವಾರದ ಕೊನೆಗೆ ಹೋಗು" ಎಂದ. ಶನಿವಾರ ಬೆಳಿಗ್ಗೆ ಹೊರಟೆ.

ಮಧ್ಯಾಹ್ನವೆಲ್ಲ ಪಾಟೀಲರ ದವಾಖಾನೆಯ ಕಾಯುವ ಕೋಣೆಯಲ್ಲಿ ಕುಳಿತೆ. ವರದಿಗಾರ ಎಂದು ಹೇಳಿಯೇ ಕುಳಿತಿದ್ದೆ. ತಂಬಾಕಿನ ಗೋದಾಮಿನಲ್ಲಿ ದುಡಿದು ಬೆನ್ನು ಬಾಗಿದ ಮುದುಕರೊಬ್ಬರು ಹೇಳಿದರು: "ಅವನ ವಿಚಾರ ನನಗೆ ಹಿಡಿಸುವುದಿಲ್ಲ. ಆದರೆ ಅವನನ್ನು ಬೇಡವೆಂದು ಅಟ್ಟಿದರೆ ಮುಂದೆಯೂ ಅಧ್ಯಕ್ಷರು ನಮ್ಮ ಬಣ್ಣದವನನ್ನೇ ಕಳಿಸುತ್ತಾರೆ ಎಂದು ಯಾರು ಬರೆದುಕೊಟ್ಟಿದ್ದಾರೆ?" ಪಕ್ಕದಲ್ಲಿದ್ದ ಶಾಲಾ ಶಿಕ್ಷಕಿ ಅವರತ್ತ ತಿರುಗಿ, "ಬಣ್ಣ ನಮ್ಮದು ಸರಿ. ತೀರ್ಪು ಯಾರದ್ದು ಮಾವ?" ಎಂದರು. "ಸೀಟು ಮೊದಲು ಸಿಗಲಿ. ತೀರ್ಪಿಗೆ ಆಮೇಲೆ ಬೈಯೋಣ" ಎಂದರು ಮುದುಕರು. ಕೋಣೆಯೆಲ್ಲ ನಕ್ಕಿತು, ಶಿಕ್ಷಕಿಯನ್ನು ಬಿಟ್ಟು.

ಸಂಜೆಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ವಿರೋಧ ಕಡಿಮೆ, ಬೆಂಬಲ ಜಾಸ್ತಿ ಇತ್ತು. ಒಂದು ದವಾಖಾನೆಯ ಮಾತು ರಾಜ್ಯದ ಮಾತಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಸೆನೆಟರ್‌ಗೆ ಇದು ಗೊತ್ತೇ, ಗೊತ್ತಿದ್ದರೆ ಯಾರಿಂದ, ಇದು ನಾನು ಹುಡುಕಬೇಕಾಗಿದ್ದ ಪ್ರಶ್ನೆ. ಪಾಟೀಲರು ರೊಟ್ಟಿ ಬಡಿಸುತ್ತ ಹೇಳಿದರು: "ನಾಳೆ ಚರ್ಚಿಗೆ ಹೋಗ್ರಿ. ಅಲ್ಲಿ ಮಿಸ್ ಅರ್ನೆಟ್ಟಾ ಅಂತ ಇರ್ತಾರ. ಅವ್ರಿಗೆ ಕೈ ಮುಗಿದು ಮಾತಾಡ್ರಿ, ಪೆನ್ನು ತೋರಿಸಬ್ಯಾಡ್ರಿ."

ಮಿಸ್ ಅರ್ನೆಟ್ಟಾ ಸೆನೆಟರ್ ಅವರ ಊರ ಕಚೇರಿಯ ನೌಕರರು. ಅರವತ್ತರ ಹತ್ತಿರದ ಕಪ್ಪು ಹೆಂಗಸು. ಪಿಂಚಣಿ ಬರದವರ, ಮಗನ ಸೈನ್ಯದ ಕಾಗದ ಕಳೆದವರ ಅರ್ಜಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಆ ಜನ ಸೆನೆಟರ್ ಕಚೇರಿಗೆ ಫೋನು ಮಾಡುವುದಿಲ್ಲ, ಕಾಗದ ಬರೆಯುವುದಿಲ್ಲ. ಅದಕ್ಕೆ ಇವರೇ ಭಾನುವಾರಕ್ಕೊಂದು ಚರ್ಚಿನಂತೆ, ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಊಟದ ಹಾಲಿನಲ್ಲಿ ಮಡಚುವ ಮೇಜು ಹಾಕಿಕೊಂಡು ಕೂರುತ್ತಿದ್ದರು. ಒಟ್ಟು ಒಂಬತ್ತು ಚರ್ಚು. ತಾವು ಹೋಗದ ಎಂಟು ಚರ್ಚುಗಳ ಪಾದ್ರಿಗಳಿಂದ ಅದೇ ಸಂಜೆ ವರ್ತಮಾನ ತರಿಸಿಕೊಳ್ಳುತ್ತಿದ್ದರು. ಅರ್ಜಿ ತುಂಬಿಸುವಾಗ ಜನ ಮಾತಾಡುತ್ತಾರಲ್ಲ, ಅದನ್ನೆಲ್ಲ ಸೋಮವಾರ ಬೆಳಿಗ್ಗೆ ಒಂದು ಹಾಳೆಯಲ್ಲಿ ಬರೆದು ವಾಷಿಂಗ್ಟನ್ನಿಗೆ ಫ್ಯಾಕ್ಸ್ ಮಾಡುವುದು. ಇದು ಹತ್ತಾರು ವರ್ಷದ ರೂಢಿ, ಫ್ಯಾಕ್ಸ್ ಬರುವ ಮೊದಲು ಅಂಚೆಯಲ್ಲಿ ಹೋಗುತ್ತಿತ್ತು. ನಾನು ಪ್ರತಿದಿನ ಆ ಕಚೇರಿಗೆ ಹೋಗುತ್ತಿದ್ದೆ, ಹೊರಗಿನ ಕೋಣೆಯಲ್ಲಿ ಚೀಲಗಟ್ಟಲೆ ಬಿದ್ದಿರುತ್ತಿದ್ದ ಪತ್ರಗಳನ್ನು ನೋಡಿ ಜನಾಭಿಪ್ರಾಯ ಎಂದುಕೊಳ್ಳುತ್ತಿದ್ದೆ. ಹಾಳೆ ಒಳಗಿನ ಕೋಣೆಗೆ ಹೋಗುತ್ತಿತ್ತು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆ ಮೇಜಿನ ಮುಂದಿನ ಸಾಲಿನಲ್ಲಿ ಕೊನೆಯವನಾಗಿ ನಿಂತು, ನನ್ನ ಸರದಿ ಬಂದಾಗ ಯಾರೆಂದು ಹೇಳಿದೆ.

"ಓ, ಆ ಸುದ್ದಿ ಬರೆದವನು ನೀನೇನಾ?" ಕನ್ನಡಕ ಕೆಳಗಿಳಿಸಿ ನೋಡಿದರು. "ಮಗಾ, ಆ ಪತ್ರಿಕೆಯನ್ನು ನಮ್ಮ ಪಾದ್ರಿ ಇವತ್ತು ಪ್ರವಚನದಲ್ಲೇ ಎತ್ತಿ ಹಿಡಿದು ತೋರಿಸಿದರು. ನಮ್ಮ ಬಾಯಿಂದ ಬರದ ಮಾತು ನಮ್ಮ ಹೆಸರಲ್ಲಿ ಹೇಗೆ ಅಚ್ಚಾಗುತ್ತದೆ ಎಂದು ತೋರಿಸಲಿಕ್ಕೆ."

"ತಪ್ಪಾಯಿತು. ಸರಿ ಮಾಡಲಿಕ್ಕೆ ಬಂದಿದ್ದೇನೆ, ಮಿಸ್ ಅರ್ನೆಟ್ಟಾ."

ಅವರು ಕೈಚೀಲದಿಂದ ಹಿಂದಿನ ಸೋಮವಾರದ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. "ಓದಿಕೋ. ಒಯ್ಯುವ ಹಾಗಿಲ್ಲ. ನನ್ನ ಹೆಸರು ಬರೆಯುವ ಹಾಗಿಲ್ಲ. ನನಗೆ ಪಿಂಚಣಿ ಸಿಗಲು ಇನ್ನೂ ಎರಡು ವರ್ಷ ಇದೆ. ಆದರೆ ಅದರಲ್ಲಿ ಇರುವುದನ್ನು ಬರೆ. ಒಂದೂ ಬಿಡಬೇಡ, ನನಗೆ ಇಷ್ಟವಿಲ್ಲದ್ದನ್ನೂ."

ಹಾಳೆಯಲ್ಲಿ ಒಂಬತ್ತು ಚರ್ಚುಗಳ ಹೆಸರು. ಆರರಲ್ಲಿ ಹೆಚ್ಚಿನವರು ನ್ಯಾಯಾಧೀಶರ ಪರ. ಎರಡರಲ್ಲಿ ಸಮಸಮ. ಶಿಕ್ಷಕರು ಹೆಚ್ಚಾಗಿರುವ ಒಂದರಲ್ಲಿ ಪೂರ್ತಿ ವಿರೋಧ. ಕೆಳಗೆ ಅವರ ಕೈಬರಹ: ನನ್ನ ಸ್ವಂತ ಅಭಿಪ್ರಾಯ ವಿರೋಧ, ಅದನ್ನು ಇಲ್ಲಿ ಎಣಿಸಬೇಡಿ.

ವರದಿಗಾರಿಕೆಯ ಪಾಠ ಹೇಳುವ ಯಾವ ಮೇಷ್ಟರಿಂದಲೂ ನಾನು ಆ ಒಂದು ಸಾಲಿನಷ್ಟು ಕಲಿತಿಲ್ಲ.

ಸೋಮವಾರ ಡೆನ್ನಿಯ ಮುಂದೆ ತಿದ್ದುಪಡಿ ಇಟ್ಟೆ. ಪುಟದ ಮೂಲೆಯ ಸಣ್ಣ ಚೌಕದ ತಿದ್ದುಪಡಿಯಲ್ಲ. ಮೊದಲು ಬರೆದದ್ದು ಎಣಿಕೆಯಲ್ಲ, ಅಂದಾಜು ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡ ಪೂರ್ತಿ ವರದಿ.

"ನಿನಗೆ ಹುಚ್ಚೇ?" ಎಂದ ಡೆನ್ನಿ. "ಎರಡು ವಾರದಲ್ಲಿ ಮತ ಹಾಕುತ್ತಾರೆ. ಅವನು ಹೌದೆಂದರೆ 'ಮನಸ್ಸು ಬದಲಿಸಿದ ಸೆನೆಟರ್' ಎಂದು ಬರೆಯೋಣ. ಯಾರಿಗೂ ಗೊತ್ತಾಗುವುದಿಲ್ಲ."

"ಅವರು ಮನಸ್ಸು ಬದಲಿಸಿಲ್ಲ. ನಾವು ಅವರ ಮನಸ್ಸು ಓದಿರಲಿಲ್ಲ. ಒಂಬತ್ತು ಚರ್ಚುಗಳಲ್ಲಿ ಈಗಾಗಲೇ ಎಲ್ಲರಿಗೂ ಗೊತ್ತಾಗಿದೆ."

"ಆ ಚರ್ಚಿನವರು ನಮ್ಮ ಪತ್ರಿಕೆ ಕೊಳ್ಳುತ್ತಾರೇನು?"

"ಕೊಳ್ಳುತ್ತಾರೆ. ಕೊಂಡು ಎತ್ತಿ ಹಿಡಿದು ತೋರಿಸುತ್ತಾರೆ."

ಡೆನ್ನಿ ಒರಟ, ಆದರೆ ಕಳ್ಳನಲ್ಲ. ಅರ್ಧ ಗಂಟೆ ಕೂಗಾಡಿ ಸಹಿ ಹಾಕಿದ. ವರದಿಯಲ್ಲಿ ನಾನು ಚರ್ಚುಗಳ ಹೆಸರನ್ನಾಗಲಿ, ಹಾಳೆ ಬರೆದವರ ಹೆಸರನ್ನಾಗಲಿ ಹಾಕಲಿಲ್ಲ. ಸೆನೆಟರ್ ಅವರಿಗೆ ಪ್ರತಿ ಸೋಮವಾರ ಕಪ್ಪು ಚರ್ಚುಗಳ ಅಭಿಪ್ರಾಯ ತಲುಪುತ್ತದೆ, ಪತ್ರದ ಚೀಲಗಳಿಗಿಂತ ಆ ಹಾಳೆಗೆ ಅವರು ಹೆಚ್ಚು ಬೆಲೆ ಕೊಡುತ್ತಾರೆ, ಈಗ ಅದರಲ್ಲಿ ಬೆಂಬಲವೇ ಹೆಚ್ಚು, ವಿರೋಧವೂ ಇದೆ ಎಂದು ಬರೆದೆ. ಕಾಲಂ ಬದಲಾಯಿತು: ವಾಲಿದ್ದಾರೆ, 'ಹೌದು' ಕಡೆಗೆ.

ಪತ್ರಿಕೆ ಬಂದ ಬೆಳಿಗ್ಗೆ ಸೆನೆಟರ್ ಅವರ ಮುಖ್ಯ ಸಹಾಯಕ ನನ್ನನ್ನು ಕರೆಸಿದ. ನಲವತ್ತು ದಾಟದ, ಅಂಗಿಯ ತೋಳಿನಲ್ಲಿ ಒಂದು ಸುಕ್ಕೂ ಇಲ್ಲದ ಮನುಷ್ಯ. ವರದಿ ಸುಳ್ಳು ಎಂದು ಅವನು ಒಮ್ಮೆಯೂ ಹೇಳಲಿಲ್ಲ.

"ನಮ್ಮ ಸೆನೆಟರ್ ಕಪ್ಪು ಚರ್ಚುಗಳು ಹೇಳಿದಂತೆ ಕೇಳುತ್ತಾರೆ ಎಂದು ಬಿಳಿ ಮತದಾರರು ಮಾತಾಡುತ್ತಿದ್ದಾರೆ. ಚುನಾವಣೆಗೆ ಮುಂಚೆ ಇದು ಬೇಕಿತ್ತೇ ಮಿಸ್ಟರ್ ಶ್ರೀ?"

"ಗಿರಣಿಯ ಮಾಲೀಕರ ಮಾತು ಕೇಳುತ್ತಾರೆ ಎಂದು ಹೋದ ವರ್ಷ ಬರೆದಿದ್ದೆ. ಆಗ ನೀವು ಕರೆಸಲಿಲ್ಲ."

"ಆ ಹಾಳೆ ತೋರಿಸಿದ್ದು ಯಾರು?"

"ಹೇಳುವುದಿಲ್ಲ."

"ಊರ ಕಚೇರಿಯಲ್ಲಿ ಅದು ಸಿಗುವುದು ಮೂವರ ಕೈಗೆ. ನೀವು ಒಂದು ಹೆಸರು ಹೇಳಿದರೆ ಇಬ್ಬರು ಉಳಿಯುತ್ತಾರೆ. ಹೇಳದಿದ್ದರೆ ಶುಕ್ರವಾರ ಮೂವರೂ ಹೋಗುತ್ತಾರೆ. ಯೋಚನೆ ಮಾಡಿ. ನೀವು ಹೆಸರು ಹೇಳುವವರೆಗೆ ನಿಮ್ಮ ಕಚೇರಿಯವರ ಫೋನನ್ನೂ ನಾವು ಎತ್ತುವುದಿಲ್ಲ."

ಪತ್ರಿಕೆಗೆ ಸೇರಬೇಕೆನ್ನುವ ನಿಮಗೂ ಇಂಥ ಚೌಕಾಸಿ ಬರುತ್ತದೆ. ಬಂದಾಗ ಅದು ಕರುಣೆಯ ವೇಷದಲ್ಲಿ ಬರುತ್ತದೆ, ಇಬ್ಬರನ್ನು ಉಳಿಸು ಎಂದು. ನಾನು ಹೇಳಿದ್ದನ್ನು ಆವತ್ತೇ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ, ಅದನ್ನೇ ಕೊಡುತ್ತೇನೆ: "ನೀವು ತೆಗೆಯುವವರನ್ನು ನಾನು ಆರಿಸಿ ಕೊಡುವುದಿಲ್ಲ. ಮೂವರನ್ನು ತೆಗೆದರೆ, ಯಾಕೆ ತೆಗೆದಿರಿ ಎಂದು ಶನಿವಾರ ಬರೆಯುತ್ತೇನೆ."

ಡೆನ್ನಿ ನನ್ನ ಪರ ನಿಂತ, ತನ್ನದೇ ರೀತಿಯಲ್ಲಿ. "ಹೆಸರು ಕೊಡಬೇಡ. ಆದರೆ ಸೆನೆಟ್ ಬಿಡು. ಅವರು ಫೋನೆತ್ತದಿದ್ದರೆ ಆ ರಾಜ್ಯದ ನಮ್ಮ ನಾಲ್ಕು ಪತ್ರಿಕೆಗೆ ಸುದ್ದಿಯೇ ಇಲ್ಲ." ಕೃಷಿ ಸಮಿತಿಗೆ ಹಾಕಿದ. ನೆಲಗಡಲೆ ಮತ್ತು ತಂಬಾಕು. ನಾಲ್ಕು ವರ್ಷ ಅಲ್ಲಿಯೇ ಇದ್ದೆ.

ನನ್ನ ಜಾಗ ಹೋದದ್ದು ನನ್ನ ಲೆಕ್ಕ. ಮಿಸ್ ಅರ್ನೆಟ್ಟಾ ಅವರ ಪಿಂಚಣಿ ನಾನೊಬ್ಬನೇ ತೀರ್ಮಾನಿಸುವ ಲೆಕ್ಕವಲ್ಲ. ಸಹಾಯಕ ಕರೆಸಿದ ದಿನವೇ ರಾತ್ರಿ ಅವರ ಮನೆಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

ಅವರು ಬೈದರು. ಸಹಾಯಕನಿಗಲ್ಲ, ನನಗೆ. "ಮೂವರೆಂದರೆ ನಾನು, ಮೂರು ಮಕ್ಕಳ ತಾಯಿ ಡೋರೀನ್, ಇನ್ನೊಬ್ಬ ಈಗಷ್ಟೇ ಸೇರಿದ ಹುಡುಗಿ. ಬೆಳಿಗ್ಗೆ ತಿಳಿದದ್ದನ್ನು ಈಗ ಹೇಳುತ್ತೀಯಾ? ಒಂದು ಇಡೀ ದಿನ ಹಾಳು ಮಾಡಿದೆಯಲ್ಲ!"

"ಏನು ಮಾಡಬೇಕೆಂದಿದ್ದೀರಿ?"

"ನೀನೇನೂ ಮಾಡಬೇಡ. ಬರೆಯಲೂ ಬೇಡ. ಇದು ನಮ್ಮ ಕಚೇರಿಯ ವಿಷಯ."

ಮುಂದೆ ನಡೆದದ್ದನ್ನು ಅವರೇ ಆಮೇಲೆ ಹೇಳಿದ್ದು, ಡೋರೀನ್ ಹತ್ತಿರ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಶುಕ್ರವಾರಕ್ಕೆ ಕಾಯದೆ ಗುರುವಾರವೇ ಅವರು ಒಂದು ಹಾಳೆ ಫ್ಯಾಕ್ಸ್ ಮಾಡಿದರು. ಸಹಾಯಕನಿಗಲ್ಲ, ಸೆನೆಟರ್ ಹೆಸರಿಗೆ. ಮೇಲೆ ಎಂದಿನಂತೆ ಒಂಬತ್ತು ಚರ್ಚುಗಳ ಪಟ್ಟಿ. ಕೆಳಗೆ ನಾಲ್ಕು ಸಾಲು. ಹಾಳೆ ತೋರಿಸಿದವಳು ನಾನು. ಅದರಲ್ಲಿದ್ದದ್ದು ಜನ ನಿಮಗೆ ಹೇಳಿದ ಮಾತು. ಜನರ ಮಾತು ಗುಟ್ಟಲ್ಲ. ನಾನು ಹೀಗೆ ಬರೆದಿದ್ದೇನೆ ಎಂಬುದನ್ನು ಮೇಲಿನ ಒಂಬತ್ತು ಚರ್ಚುಗಳ ಪಾದ್ರಿಗಳಿಗೆ ತಿಳಿಸಿದ್ದೇನೆ.

ಶುಕ್ರವಾರ ಬಂತು, ಹೋಯಿತು. ಯಾರನ್ನೂ ತೆಗೆಯಲಿಲ್ಲ. ಕೊನೆಯ ದಿನಗಳಲ್ಲಿ ಒಬ್ಬ ಹೆಂಗಸು ನ್ಯಾಯಾಧೀಶರ ಮೇಲೆ ಕಿರುಕುಳದ ಆರೋಪ ಹೊರಿಸಿದರು, ಅದರ ವಿಚಾರಣೆ ಎಲ್ಲರ ಮನೆಯ ಟಿ.ವಿ.ಯಲ್ಲೂ ಬಂತು, ಹಾಳೆಯಲ್ಲಿ ಹೆಂಗಸರ ಅಭಿಪ್ರಾಯ ಒಡೆಯಿತು, ಒಂದು ಚರ್ಚು ಕಡೆ ಬದಲಿಸಿತು ಎಂದು ಕೇಳಿದ್ದೇನೆ. ನ್ಯಾಯಾಧೀಶರು ಸಣ್ಣ ಅಂತರದಲ್ಲಿ ಗೆದ್ದ ಮತದಾನದ ದಿನ ನನಗೆ ಕೆಲಸವಿಲ್ಲದಿದ್ದರೂ ಮೇಲಿನ ಪತ್ರಕರ್ತರ ಗ್ಯಾಲರಿಯಲ್ಲಿ ಕುಳಿತಿದ್ದೆ. ಹೆಸರು ಕೂಗಿದಾಗ ಕೆರೊಲಿನಾದ ಸೆನೆಟರ್ ಎದ್ದು ನಿಂತು 'ಹೌದು' ಎಂದರು. ದನಿ ಗ್ಯಾಲರಿಗೆ ಸರಿಯಾಗಿ ಕೇಳಿಸಲಿಲ್ಲ. ಪಕ್ಕದಲ್ಲಿದ್ದವನು ಏನಂದರು ಎಂದು ನನ್ನನ್ನೇ ಕೇಳಿದ.

ಈಚೆಗೆ ಜಾರ್ಜಿಯಾದ ಕಮ್ಮಿಂಗ್ ಊರಿನ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ನಕ್ಷೆ ತೋರಿಸಿದ. ಯಾವ ರಾಜ್ಯದಲ್ಲಿ ಕಪ್ಪು ಮತದಾರರು ಎಷ್ಟು, ಅಲ್ಲಿಯ ಸೆನೆಟರ್ ಯಾವ ನ್ಯಾಯಾಧೀಶರಿಗೆ ಏನೆಂದರು, ಎಲ್ಲವೂ ಬಣ್ಣ ಬಣ್ಣವಾಗಿ. ಒಳ್ಳೆಯದೇ. ಸೆನೆಟರುಗಳು ಕೋರ್ಟಿನ ಅಭ್ಯರ್ಥಿಗೆ ಮತ ಹಾಕುವಾಗ ಸಂವಿಧಾನದ ಜೊತೆಗೆ ತಮ್ಮ ಮತದಾರರ ಬಣ್ಣವನ್ನೂ ನೋಡುತ್ತಾರೆ ಎಂದು ನಾನೂ ಹೇಳುತ್ತೇನೆ, ನಾಚಿಕೆಪಡದೆ ಹೇಳುತ್ತೇನೆ. ನೋಡಬಾರದು ಎನ್ನುವವರು, ನೂರಾರು ವರ್ಷ ಒಂದೇ ಬಣ್ಣದ ಮತದಾರರನ್ನು ನೋಡಿದಾಗ ಎಲ್ಲಿದ್ದರು ಎಂದು ಮೊದಲು ಹೇಳಲಿ. ಆದರೆ ನಕ್ಷೆಯಲ್ಲಿ ಒಂದು ಜಿಲ್ಲೆಗೆ ಒಂದೇ ಬಣ್ಣ. ಆ ಮುದುಕರೂ ಆ ಶಿಕ್ಷಕಿಯೂ ಅದರಲ್ಲಿ ಒಂದೇ ಚುಕ್ಕೆ. ನನ್ನ ಮೊದಲ ಎಣಿಕೆ ಅಂಥದೇ ನಕ್ಷೆಯಾಗಿತ್ತು.

ಮತದಾನವಾದ ಮರುವಾರ ಮಿಸ್ ಅರ್ನೆಟ್ಟಾ ಅವರ ಕಚೇರಿಗೆ ಫೋನು ಮಾಡಿದೆ. ಅವರೇ ಎತ್ತಿಕೊಂಡರು.

"ಇನ್ನೂ ಅಲ್ಲೇ ಇದ್ದೀರಾ?"

"ಮತ್ತೆಲ್ಲಿಗೆ ಹೋಗಲಿ?"

"ಸೆನೆಟರ್ ಏನಾದರೂ ಅಂದರೇ?"

"ಸೋಮವಾರ ಹಾಳೆ ಹೋಗುವುದು ಹತ್ತು ನಿಮಿಷ ತಡವಾಯಿತು. ಎಲ್ಲಿ ಎಂದು ಅವರೇ ಫೋನು ಮಾಡಿ ಕೇಳಿದರು. ಅಷ್ಟೇ."

"ಹೆಸರು ನೀವೇ ಬರೆದು ಕಳಿಸಿದಿರಲ್ಲ, ಹೆದರಿಕೆ ಆಗಲಿಲ್ಲವೇ?"

ಆ ಕಡೆ ನಗು ಕೇಳಿಸಿತು. "ಮಗಾ, ಇಷ್ಟು ದಿನ ನೀನು ಎಣಿಸಿದ್ದಾದರೂ ಏನು? ಸುಪ್ರೀಂ ಕೋರ್ಟಿನಲ್ಲಿ ಒಬ್ಬನನ್ನು ಕೂರಿಸಬಲ್ಲ ಜನ, ಈ ಮೇಜಿನ ಹಿಂದೆ ನನ್ನನ್ನು ಕೂರಿಸಿಕೊಳ್ಳಲಾರರೇ? ಈಗ ಫೋನ್ ಇಡು. ಮುಂದೆ ನಾಲ್ಕು ಜನ ಕಾಯುತ್ತಿದ್ದಾರೆ."